ಓದುವವರಿಗೆ, ಬರೆಯುವವರಿಗೆ ದೀಪಾವಳಿಯ ಉಡುಗೊರೆ: ಏನು ಕೊಡೋಣ?

ದೀಪಾವಳಿಯ ರಜೆ ಹತ್ತಿರ ಬಂತೆಂದರೆ ಮುಂಬಯಿಯ ನಮ್ಮ ಹಾಸ್ಟೆಲಿನಲ್ಲಿ ಒಂದೇ ಮಾತು: “ಊರಿಗೆ ಏನು ಒಯ್ಯೋದು?” ತಂಗಿಗೆ ಬಟ್ಟೆ, ಅವ್ವಗೆ ಸ್ಟೀಲಿನ ಡಬ್ಬಿ, ಸಣ್ಣ ಹುಡುಗರಿಗೆ ಮಿಠಾಯಿ. ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಓದುವ ಹುಚ್ಚಿನವರಿಗೆ, ಬರೆಯುವ ಗೀಳಿನವರಿಗೆ ಏನು ಕೊಡಬೇಕು ಎಂಬ ಪ್ರಶ್ನೆ ಬಂದಾಗ ನಾವು ಒಂದು ಪೆನ್ನು ಕೊಂಡು ಕೈತೊಳೆದುಕೊಳ್ಳುತ್ತೇವೆ. ನಾನೂ ಹಾಗೆ ಮಾಡಿದವನೇ. ಮೊದಲು ಆ ಕಥೆ ಹೇಳಿ ಆಮೇಲೆ ವಿಷಯಕ್ಕೆ ಬರುತ್ತೇನೆ.

ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮಾಸ್ತರು ನಿವೃತ್ತರಾದ ಮೇಲೆ ತಮ್ಮ ಕವಿತೆಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಸಹಿ ಮಾಡಿ ನನಗೂ ಒಂದು ಪ್ರತಿ ಕಳಿಸಿದ್ದರು. ಕಳೆದ ದೀಪಾವಳಿಗೆ ನಾನು ದಾದರಿನಲ್ಲಿ 450 ರೂಪಾಯಿ ಕೊಟ್ಟು ಬಂಗಾರದ ಬಣ್ಣದ ಪೆನ್ನೊಂದನ್ನು ಕೊಂಡು ಅವರ ಮನೆಗೆ ಹೋದೆ. ಮಂಚದ ಕೆಳಗೆ ಅದೇ ಪುಸ್ತಕದ ಕಟ್ಟುಗಳು. ಕಟ್ಟಿದ ಹುರಿ ಕೂಡ ಬಿಚ್ಚಿರಲಿಲ್ಲ. ಮಾಸ್ತರು ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿ, “ಛಲೋ ಅದಪಾ. ನನ್ನ ಪುಸ್ತಕ ಓದಿದೇನು?” ಎಂದರು. ನಾನು ಓದಿರಲಿಲ್ಲ. “ಪರೀಕ್ಷಾ ಇತ್ತರೀ ಸರ್” ಅಂದೆ. “ಇರ್ಲಿ ಬಿಡು, ಚಹಾ ಕುಡಿ” ಅಂದರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ನಾನು ಕಾಮರ್ಸ್ ವಿದ್ಯಾರ್ಥಿ. ಬೇಡಿಕೆ ನೋಡದೆ ಸರಕು ತರಬಾರದು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು. ಆದರೂ ಮಾಸ್ತರಿಗೆ ಬೇಕಾದದ್ದೇನು ಎಂದು ಕೇಳಿಕೊಳ್ಳಲಿಲ್ಲ. ಬರೆಯುವವರಿಗೆ ಬೇಕಾದದ್ದು ಓದುಗ. ಓದುವವರಿಗೆ ಬೇಕಾದದ್ದು ಅವರ ಕೈಗೆ ಇನ್ನೂ ಸಿಗದ ಪುಸ್ತಕ. ಇವೆರಡನ್ನು ನೆನಪಿಟ್ಟುಕೊಂಡರೆ ನಮ್ಮಂಥವರ ಕಿಸೆಗೂ ಒಗ್ಗುವ ಉಡುಗೊರೆಗಳು ಬೇಕಾದಷ್ಟಿವೆ.

ಮೊದಲು ಓದುವವರ ವಿಚಾರ. ಇಲ್ಲಿಯ ಮರಾಠಿ ಮಿತ್ರರಿಂದ ನಾವು ಕಲಿಯಬೇಕಾದ್ದೊಂದಿದೆ. 1909ರಲ್ಲಿ ‘ಮನೋರಂಜನ’ ಮಾಸಿಕ ಮೊದಲ ದೀಪಾವಳಿ ಸಂಚಿಕೆ ತಂದಂದಿನಿಂದ ಅವರಲ್ಲಿ ಹಬ್ಬಕ್ಕೆ ಚಕ್ಕಲಿ ಎಷ್ಟು ಮುಖ್ಯವೋ ‘ದಿವಾಳಿ ಅಂಕ’ವೂ ಅಷ್ಟೇ ಮುಖ್ಯ. ಕನ್ನಡದಲ್ಲಿಯೂ ದೀಪಾವಳಿ ವಿಶೇಷಾಂಕಗಳು ಬರುತ್ತವೆ. ಒಂದರಲ್ಲಿಯೇ ಕಥೆ, ಕವಿತೆ, ಪ್ರಬಂಧ ಎಲ್ಲ ಸಿಗುವುದರಿಂದ ಯಾರ ರುಚಿ ಏನೆಂದು ಗೊತ್ತಿಲ್ಲದಾಗ ಇದೇ ಕ್ಷೇಮ. ರುಚಿ ಗೊತ್ತಿದ್ದರೆ ಪುಸ್ತಕವನ್ನೇ ಕೊಡಿ. ಮುಂಬಯಿಯ ಆಫೀಸಿನಲ್ಲಿ ದುಡಿಯುವ ಕಾಕಾನಿಗೆ ಯಶವಂತ ಚಿತ್ತಾಲರ ‘ಶಿಕಾರಿ’ (1979) ತನ್ನದೇ ಜಗತ್ತನ್ನು ತೋರಿಸೀತು. ಕನ್ನಡ ಬಾರದ ರೂಮಿನ ಗೆಳೆಯನಿಗೆ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದ ಕೊಡಬಹುದು. ತೇಜಸ್ವಿನಿ ನಿರಂಜನ ಅನುವಾದಿಸಿದ ಆ ಸಂಕಲನಕ್ಕೆ 2018ರ ಡಿ.ಎಸ್.ಸಿ. ಪ್ರಶಸ್ತಿ ಬಂದಿದೆ. ತಮಾಷೆಯೆಂದರೆ ಅದರ ಹೆಸರೇ ‘ನೋ ಪ್ರೆಸೆಂಟ್ಸ್ ಪ್ಲೀಸ್’!

ಕಣ್ಣು ಮಂಜಾದ ಅಜ್ಜನಿಗೆ ಹೊಸ ಪುಸ್ತಕಕ್ಕಿಂತ ಒಂದು ಒಳ್ಳೆಯ ಭೂತಗನ್ನಡಿ ಹೆಚ್ಚು. ಹಳೆಯ ಪುಸ್ತಕ ಜೋಪಾನ ಮಾಡುವವರಿದ್ದರೆ, ಒಂದು ಮಧ್ಯಾಹ್ನ ಕೂತು ಅವರ ಪುಸ್ತಕಗಳಿಗೆಲ್ಲ ಕಂದು ಕಾಗದದ ಹೊದಿಕೆ ಹಾಕಿಕೊಡಿ. ಖರ್ಚು ಕಡಿಮೆ, ಸಂತೋಷ ದೊಡ್ಡದು.

ಇನ್ನು ಬರೆಯುವವರು. ಅವರ ಮೇಜನ್ನು ಒಮ್ಮೆ ಕಣ್ಣಿಟ್ಟು ನೋಡಿ. ಬಾಲ್ ಪೆನ್ನಿನಲ್ಲಿ ಬರೆಯುವವರಾದರೆ ಅದೇ ಪೆನ್ನಿನ ಹತ್ತು ರೀಫಿಲ್ಲು ಕೊಡಿ. ಗೆರೆ ಇಲ್ಲದ ಹಾಳೆ ಬಳಸುವವರಿಗೆ ಅದೇ ಹಾಳೆಯ ಕಟ್ಟು. ಅಂದ ಹಾಗೆ, ಅಚ್ಚಾದ ಪುಸ್ತಕಕ್ಕೆ ಜಿ.ಎಸ್.ಟಿ. ಇಲ್ಲ, 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ಕಿಗೂ ಇಲ್ಲ. ಪದಗಳ ಹುಚ್ಚಿನವರಿಗೆ ನಿಘಂಟು ಕೊಡಬಹುದು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು 8 ಸಂಪುಟಗಳದು. ಅದು ನಮ್ಮ ಕಿಸೆಗೆ ನಿಲುಕದು. ಪರಿಷತ್ತಿನದೇ ಚಿಕ್ಕ ‘ಕನ್ನಡ ರತ್ನಕೋಶ’ ನಿಲುಕುತ್ತದೆ.

ಆದರೆ ಇದೆಲ್ಲಕ್ಕಿಂತ ದೊಡ್ಡ ಉಡುಗೊರೆ, ಅವರು ಬರೆದ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವುದು. “ನಂಗೊಂದು ಪ್ರತಿ ಕೊಡ್ರೀ” ಎಂದು ಕೇಳುವುದು ಅಭಿಮಾನವಲ್ಲ, ಅದು ಅವರ ಲೆಕ್ಕದಲ್ಲಿ ನಷ್ಟ. ನಮ್ಮ ಹಾವೇರಿ ಕಡೆಯ ಗಳಗನಾಥರು ತಮ್ಮ ಕಾದಂಬರಿಗಳ ಹೊರೆ ಹೊತ್ತು ಊರೂರು ತಿರುಗಿ ಮಾರಿದರೆಂದು ಹೆಮ್ಮೆಯಿಂದ ಹೇಳುತ್ತೇವೆ. ಆ ಹೊರೆ ಹಗುರಾದದ್ದು ಕೊಂಡವರಿಂದ, ಹೊಗಳಿದವರಿಂದಲ್ಲ.

ಊರಿಗೆ ಹೋಗಲಾಗದವರು ಪುಸ್ತಕವನ್ನು ಅಂಚೆಯಲ್ಲಿ ಕಳಿಸಬಹುದು. ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆ ಆರಂಭಿಸಿದೆ. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ನಿಯತಕಾಲಿಕೆಗಳಿಗೆ ಈ ಸೌಲಭ್ಯವಿಲ್ಲವಾದ್ದರಿಂದ ವಿಶೇಷಾಂಕವನ್ನು ಇದರಲ್ಲಿ ಕಳಿಸಲಾಗದು. ರಸ್ತೆ, ರೈಲಿನ ದಾರಿಯಲ್ಲಿ ಹೋಗುವುದರಿಂದ ಹಬ್ಬಕ್ಕೆ ಸಾಕಷ್ಟು ಮೊದಲೇ ಹಾಕಿರಿ.

ಕೊಡುವ ಮುಂಚೆ ಮೊದಲ ಪುಟದಲ್ಲಿ ಹೆಸರು, ಊರು, ತಾರೀಖು, ‘ಇದು ನಿಮಗೇ ಏಕೆ’ ಎಂಬ ಒಂದು ಸಾಲು ಬರೆಯಲು ಮರೆಯಬೇಡಿ. ಬೆಲೆಯನ್ನು ಮಾತ್ರ ಕೆರೆದು ತೆಗೆಯಬೇಡಿ. ಪುಸ್ತಕಕ್ಕೆ ಬೆಲೆ ಇದ್ದರೆ ತಪ್ಪೇನು?

ಈ ವರ್ಷ ನಾನು ಮಾಸ್ತರಿಗೆ ಪೆನ್ನು ಒಯ್ಯುವುದಿಲ್ಲ. ಅವರ ಪುಸ್ತಕವನ್ನು ಎರಡು ಸಲ ಓದಿದ್ದೇನೆ. ಯಾವ ಕವಿತೆ ಹಿಡಿಸಿತು, ಯಾವುದು ತಿಳಿಯಲಿಲ್ಲ ಎಂದು 50 ಪೈಸೆಯ ಎರಡು ಕಾರ್ಡುಗಳ ತುಂಬ ಬರೆದು ಹಾಕಿದ್ದೇನೆ. ನಮ್ಮ ಸಂಘದ ಗೆಳೆಯರಿಂದ ದುಡ್ಡು ಕೂಡಿಸಿ ಹನ್ನೆರಡು ಪ್ರತಿಗಳಿಗೆ ಹೇಳಿದ್ದೇನೆ. ಮಂಚದ ಕೆಳಗಿನ ಒಂದು ಕಟ್ಟಿನ ಹುರಿಯಾದರೂ ಬಿಚ್ಚಲಿ. ಹದಿಮೂರನೆಯವರು ಯಾರಾದರೂ ಇದ್ದರೆ ರಜೆಗೆ ಮೊದಲು ನನಗೆ ತಿಳಿಸಿ.