ಮಾರೀಚನ ಕೂಗು: ಜಾಲತಾಣಗಳಲ್ಲಿ ಸೋಗಿನ ವಂಚನೆಯನ್ನು ಗುರುತಿಸುವ ಬಗೆ

ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಚಲಿತವಾಗಿರುವ ರಾಮಾಯಣ ಪ್ರಸಂಗಗಳನ್ನು ರಾತ್ರಿಯಿಡೀ ಕುಳಿತು ನೋಡಿದ ಈ ನೆಲದವರಿಗೆ ಮಾರೀಚನ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬಾಣ ತಗುಲಿದ ಮಾಯಾಮೃಗವು ಪ್ರಾಣ ಬಿಡುವಾಗ ರಾಮನ ದನಿಯಲ್ಲಿ ಕೂಗಿಕೊಂಡಿತು. ಅದು ಅಣ್ಣನ ದನಿಯಲ್ಲವೆಂದು ಲಕ್ಷ್ಮಣನು ಹೇಳಿದರೂ ಸೀತೆಯ ಕಳವಳಕ್ಕೆ ವಿಚಾರ ಮಾಡುವ ವ್ಯವಧಾನವಿರಲಿಲ್ಲ. ಅವನು ಅತ್ತ ಹೋದ ಮೇಲೆ ಇತ್ತ ಬಂದವನು ಯತಿವೇಷದ ರಾವಣ. ಪರಿಚಿತವಾದ ದನಿ, ಆಪತ್ತಿನ ಅವಸರ, ಗೌರವ ಹುಟ್ಟಿಸುವ ವೇಷ: ಇಂದು ಸಾಮಾಜಿಕ ಜಾಲತಾಣಗಳಲ್ಲಿ ನಡೆಯುತ್ತಿರುವ ಸೋಗಿನ ವಂಚನೆಗೂ ಈ ಮೂರೇ ಬಂಡವಾಳ.

ನಮ್ಮ ವಿಭಾಗದ ನಿವೃತ್ತ ಗುರುಗಳೊಬ್ಬರ ಹೆಸರು ಮತ್ತು ಭಾವಚಿತ್ರವನ್ನು ಕದ್ದು ಯಾರೋ ಫೇಸ್‌ಬುಕ್‌ನಲ್ಲಿ ಹೊಸ ಖಾತೆಯೊಂದನ್ನು ತೆರೆದರು. ಹಳೆಯ ವಿದ್ಯಾರ್ಥಿಗಳಿಗೆ ಸ್ನೇಹದ ಕೋರಿಕೆ ಹೋಯಿತು. ಮರುದಿನ ಸಂದೇಶವೂ ಬಂತು. ತಾವು ಆಸ್ಪತ್ರೆಯಲ್ಲಿರುವುದಾಗಿಯೂ, ತುರ್ತಾಗಿ ಎಂಟು ಸಾವಿರ ರೂಪಾಯಿ ಬೇಕೆಂದೂ, ನಾಳೆಯೇ ಹಿಂದಿರುಗಿಸುವುದಾಗಿಯೂ ಅದರಲ್ಲಿತ್ತು. ಒಬ್ಬ ವಿದ್ಯಾರ್ಥಿ ಗುರುಭಕ್ತಿಯಿಂದ ಹಣ ಕಳುಹಿಸಿಯೇ ಬಿಟ್ಟ. ಇನ್ನೊಬ್ಬಳಿಗೆ ಮಾತ್ರ ‘ನೀವು ಹೇಗಿದ್ದೀರಿ’ ಎಂಬ ಒಕ್ಕಣೆ ವಿಚಿತ್ರವಾಗಿ ಕಂಡಿತು. ‘ಎಂತ ವಿಶೇಷ ಮಾರಾಯ್ತಿ’ ಎಂದಲ್ಲದೆ ಗುರುಗಳು ಅವಳೊಡನೆ ಮಾತು ತೆಗೆದುದೇ ಇರಲಿಲ್ಲ. ತನ್ನಲ್ಲಿದ್ದ ಹಳೆಯ ಸಂಖ್ಯೆಗೆ ಕರೆ ಮಾಡಿದಾಗ ಅವರು ಮನೆಯಂಗಳದಲ್ಲಿ ಅಡಕೆ ಒಣಗಿಸುತ್ತಿದ್ದರು. ಹಣ ಹೋದುದು ಶಿಷ್ಯನದಾದರೂ ಗುರುಗಳ ನೋವು ಅದಕ್ಕಿಂತ ದೊಡ್ಡದಾಗಿತ್ತು. ಒಬ್ಬರ ಬಳಿಯೂ ಕೈಯೊಡ್ಡದೆ ಬಾಳಿದವರ ಹೆಸರಿನಲ್ಲಿ ಯಾರೋ ಸಾಲ ಬೇಡಿದ್ದರು.

ಗುರುತಿಸುವುದು ಹೇಗೆ?

ಮೊದಲನೆಯದು, ಖಾತೆಯ ವಯಸ್ಸು. ಈಗಾಗಲೇ ಸ್ನೇಹಿತರ ಪಟ್ಟಿಯಲ್ಲಿರುವವರಿಂದಲೇ ಮತ್ತೊಂದು ಕೋರಿಕೆ ಬಂದರೆ ಸಂಶಯಪಡಬೇಕು. ಒಂದೆರಡು ಚಿತ್ರಗಳಷ್ಟೇ ಇದ್ದು, ಹಳೆಯ ಬರಹಗಳಾಗಲಿ ಮಾತುಕತೆಗಳಾಗಲಿ ಇಲ್ಲದ ಖಾತೆ ಬಹುತೇಕ ನಕಲಿ. ಎರಡನೆಯದು, ಅವಸರ ಮತ್ತು ಗೋಪ್ಯ. ‘ಈಗಲೇ ಬೇಕು’, ‘ಕರೆ ಮಾಡಬೇಡಿ’, ‘ಯಾರಿಗೂ ತಿಳಿಸಬೇಡಿ’ ಎಂಬ ಮಾತುಗಳು ಪರಿಶೀಲನೆಯ ದಾರಿಯನ್ನು ಮುಚ್ಚುವ ಉಪಾಯಗಳು. ಮೂರನೆಯದು, ಹಣ ಸೇರುವ ಹೆಸರು. ಯುಪಿಐ ಮೂಲಕ ಪಾವತಿಸುವ ಮುನ್ನ ತೆರೆಯ ಮೇಲೆ ಕಾಣುವ ಹೆಸರು ಗುರುಗಳದಲ್ಲದೆ ಅಪರಿಚಿತರದಾಗಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಹಣ ಪಡೆಯಲು ಪಿನ್ ಒತ್ತಬೇಕಾದ ಅಗತ್ಯ ಎಂದಿಗೂ ಇಲ್ಲವೆಂಬುದನ್ನೂ ನೆನಪಿಡಬೇಕು.

ಪೊಲೀಸರ ಅಥವಾ ಸಿಬಿಐ ಅಧಿಕಾರಿಗಳ ಸೋಗು ಹಾಕಿ ವೀಡಿಯೊ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡುವವರದೂ ಇದೇ ಕುಲ. ಅಂತಹ ಬಂಧನವೆಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ.

ಭಾಷೆಯ ವಿದ್ಯಾರ್ಥಿಗಳಾದ ನಮಗೆ ನಾಲ್ಕನೆಯ ಗುರುತೊಂದು ಲಭ್ಯವಿದೆ. ಅದು ನುಡಿಯ ಜಾಡು. ತುಳು, ಮಲಯಾಳ, ಹವ್ಯಕ, ಕೊಂಕಣಿ, ಬ್ಯಾರಿಗಳ ನಡುವೆ ಬಾಳುವ ನಮ್ಮಲ್ಲಿ ಯಾರು ಯಾರೊಡನೆ ಯಾವ ನುಡಿಯಲ್ಲಿ ಮಾತನಾಡುತ್ತಾರೆಂಬುದು ಹೊರಗಿನವನಿಗೆ ತಿಳಿಯದು. ಆದರೆ ಈ ಗುರುತೊಂದನ್ನೇ ನೆಚ್ಚುವಂತಿಲ್ಲ. ಕೃತಕ ಬುದ್ಧಿಮತ್ತೆಯ ಸಾಧನಗಳು ಈಗ ಸುಲಲಿತವಾದ ಕನ್ನಡವನ್ನು ಬರೆಯಬಲ್ಲವು; ಧ್ವನಿಯ ತುಣುಕೊಂದರಿಂದ ಆ ವ್ಯಕ್ತಿಯ ದನಿಯನ್ನೇ ಅನುಕರಿಸಬಲ್ಲವು. ಆದುದರಿಂದ ಬಂದ ಸಂದೇಶಕ್ಕೆ ಅಲ್ಲಿಯೇ ಉತ್ತರಿಸದೆ, ಮೊದಲಿನಿಂದ ನಮ್ಮಲ್ಲಿರುವ ಸಂಖ್ಯೆಗೆ ನಾವಾಗಿಯೇ ಕರೆ ಮಾಡಿ ಕೇಳುವುದೇ ನಿಶ್ಚಿತವಾದ ಮಾರ್ಗ.

ದೂರು ನೀಡುವುದು ಹೇಗೆ?

ನಕಲಿ ಖಾತೆಯನ್ನು ಕಂಡೊಡನೆ ನಿರ್ಬಂಧಿಸುವ ಆತುರ ಬೇಡ. ಮೊದಲು ಸಾಕ್ಷ್ಯವನ್ನು ಕಾಯ್ದಿರಿಸಬೇಕು: ಸಂದೇಶಗಳ ಸ್ಕ್ರೀನ್‌ಶಾಟ್, ಖಾತೆಯ ಕೊಂಡಿ, ದೂರವಾಣಿ ಸಂಖ್ಯೆ, ಯುಪಿಐ ವಿಳಾಸ. ಅನಂತರ ಖಾತೆಯ ಪುಟದಲ್ಲಿರುವ ಮೂರು ಚುಕ್ಕೆಗಳನ್ನು ಒತ್ತಿ, ‘ರಿಪೋರ್ಟ್’ ಆಯ್ದು, ಇದು ಇನ್ನೊಬ್ಬರ ಸೋಗು ಎಂದು ಸೂಚಿಸಬೇಕು. ಹೆಸರು ಕಳವಾದವರೂ ಅವರ ಸ್ನೇಹಿತರೂ ಹೀಗೆ ದೂರಬಹುದು. ವಾಟ್ಸಾಪ್‌ನಲ್ಲಿ ದೂರಿದಾಗ ಆ ಸಂಖ್ಯೆಯಿಂದ ಬಂದ ಕೊನೆಯ ಐದು ಸಂದೇಶಗಳು ಸಂಸ್ಥೆಗೆ ತಲಪುತ್ತವೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಸೋಗಿನ ಖಾತೆಯ ಕುರಿತು ಬಾಧಿತರೇ ದೂರಿದಲ್ಲಿ 24 ಗಂಟೆಗಳೊಳಗೆ ಕ್ರಮ ಕೈಗೊಳ್ಳುವ ಹೊಣೆಯನ್ನು ಜಾಲತಾಣಗಳ ಮೇಲೆ ಹೊರಿಸಿದವು.

ಹಣ ಹೋಗಿದ್ದರೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಬೇಗಬೇಗನೆ ಸಾಗುತ್ತದೆ. ಅದು ಯಾವುದಾದರೊಂದು ಖಾತೆಯಲ್ಲಿ ಉಳಿದಿರುವಾಗ ಮಾತ್ರ ತಡೆಹಿಡಿಯಲು ಸಾಧ್ಯ. ಪಾವತಿಯ ಉಲ್ಲೇಖ ಸಂಖ್ಯೆ, ಮೊತ್ತ, ವೇಳೆ, ಬ್ಯಾಂಕಿನ ಹೆಸರು ಇವುಗಳನ್ನು ಬರೆದಿಟ್ಟುಕೊಂಡು ಮಾತನಾಡಿದರೆ ಕಾಲ ಉಳಿಯುತ್ತದೆ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಹಣ ಹೋಗದಿದ್ದರೂ ಸಂಶಯಾಸ್ಪದ ಕರೆ ಹಾಗೂ ಸಂದೇಶಗಳನ್ನು ‘ಸಂಚಾರ್ ಸಾಥಿ’ಯ ‘ಚಕ್ಷು’ ವಿಭಾಗಕ್ಕೆ ತಿಳಿಸಬಹುದು. ಕಳೆದುಹೋದ ಹಣವನ್ನು ಶುಲ್ಕ ಪಡೆದು ಮರಳಿಸುವೆವೆಂದು ಬರುವವರು ಎರಡನೆಯ ಸುತ್ತಿನ ವಂಚಕರೆಂದು ತಿಳಿಯಬೇಕು.

ಗಡಿನಾಡಿನ ನಮಗೆ ಇನ್ನೊಂದು ಗೊಂದಲವಿದೆ. ಮನೆ ಕಾಸರಗೋಡಿನಲ್ಲಿ, ಬ್ಯಾಂಕು ಮಂಗಳೂರಿನಲ್ಲಿ, ವಂಚಕನು ಇನ್ನೆಲ್ಲಿಯೋ. ಹೀಗಿರುವಾಗ ದೂರು ಎಲ್ಲಿ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಎಲ್ಲಿಯೇ ನಡೆದಿರಲಿ, ಹತ್ತಿರದ ಠಾಣೆಯಲ್ಲಿ ಮಾಹಿತಿ ನೀಡಬಹುದು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮು ಇಂತಹ ವಂಚನೆಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿವರೆಗಿನ ದಂಡವನ್ನೂ ವಿಧಿಸುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ನಡೆಸುವ ಹಕ್ಕನ್ನು ನಮಗೆ ಕೊಟ್ಟಿದೆ. ಮಲಯಾಳ ಬರೆಯಲು ಬಾರದೆಂದು ಹಿರಿಯರು ದೂರು ಕೊಡದೆ ಉಳಿಯಬೇಕಾಗಿಲ್ಲ. ಅವರ ಪಕ್ಕದಲ್ಲಿ ಕುಳಿತು ಆ ದೂರನ್ನು ಬರೆದುಕೊಡುವುದು ಕನ್ನಡ ಓದಿದವರು ಮಾಡಬಹುದಾದ ಕೆಲಸ.

ಹಣ ಕಳುಹಿಸಿದ ಆ ವಿದ್ಯಾರ್ಥಿ ನಾಚಿಕೆಯಿಂದ ನಾಲ್ಕು ದಿನ ಸುಮ್ಮನಿದ್ದನು. ಅಷ್ಟರಲ್ಲಿ ಹಣ ಕೈಮೀರಿತ್ತು. ಸಂಗತಿ ತಿಳಿದ ಗುರುಗಳು ಅವನನ್ನು ಮನೆಗೆ ಕರೆಸಿಕೊಂಡು ಊಟಕ್ಕೆ ಕೂರಿಸಿದರು. ನಂಬಿದುದು ತಪ್ಪಲ್ಲ, ಕೇಳದೆ ನಂಬಿದುದೂ ಹೇಳದೆ ಕುಳಿತುದೂ ತಪ್ಪು ಎಂದಷ್ಟೇ ಅವರು ಹೇಳಿದರು.