ಜಾಮಲ್ಲಿ ಸ್ಪೋರ್ಟ್ ಬೈಕ್: ಕೈ ನೋಯದಂತೆ ಓಡಿಸೋದು ಹೇಗೆ?

ಆರ್15, ಆರ್‌ಸಿ 390 ತರದ ಬೈಕ್ ಹೈವೇಲಿ ಬೆಣ್ಣೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಾಮಲ್ಲಿ ಮಾತ್ರ ಮಣಿಕಟ್ಟು ಹಿಡ್ಕೊಳ್ಳುತ್ತೆ. ಯಾಕೆ?

ಹ್ಯಾಂಡಲ್ ಕೆಳಗಿದೆ, ಮೈ ಮುಂದಕ್ಕೆ ಬಾಗುತ್ತೆ. ಸ್ಪೀಡಲ್ಲಿ ಎದುರುಗಾಳಿ ಎದೆಗೆ ಆಸರೆ ಕೊಡುತ್ತೆ. ಜಾಮಲ್ಲಿ ಆ ಗಾಳಿ ಇಲ್ಲ, ಭಾರವೆಲ್ಲ ಅಂಗೈ ಮೇಲೆ.

ಒಂದು: ಮೊಣಕಾಲಲ್ಲಿ ಟ್ಯಾಂಕ್ ಒತ್ತಿ ಹಿಡೀರಿ. ಹೊಟ್ಟೆ, ಬೆನ್ನು ಭಾರ ಹೊರಲಿ. ಮೊಣಕೈ ಸಡಿಲ ಬಿಡಿ.

ಎರಡು: ಕ್ಲಚ್. ಬೈಕ್ ಮೆಲ್ಲಗೆ ಎಳೆಯೋಕೆ ಶುರು ಮಾಡೋ ಜಾಗದಲ್ಲೇ ಬೆರಳು ನಿಲ್ಲಿಸಿ. ಥ್ರಾಟಲ್ ಒಂದೇ ಸಮ ಇರಲಿ, ವೇಗವನ್ನ ಹಿಂದಿನ ಬ್ರೇಕಲ್ಲಿ ಹಿಡೀರಿ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಗಬಕ್ಕನೆ ಒತ್ತಿದ್ರೆ ಬೈಕ್ ಅಲ್ಲೇ ಅಡ್ಡ ಬೀಳಬಹುದು.

ಮೂರು: ಯೂ-ಟರ್ನ್. ಈ ಬೈಕಿನ ಹ್ಯಾಂಡಲ್ ಸಾದಾ ಬೈಕಿನಷ್ಟು ತಿರುಗಲ್ಲ. ಅಗಲವಾಗಿ ತಗೊಳ್ಳಿ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹೋಗಬೇಕಾದ ಕಡೆ ಇರಲಿ.

ಸಿಗ್ನಲ್ ಉದ್ದ ಇದ್ರೆ ನ್ಯೂಟ್ರಲ್‌ಗೆ ಹಾಕಿ, ಕ್ಲಚ್ ಬಿಡಿ. ಕಾಲಿಗೆ ಬಿಸಿಗಾಳಿ ಹೊಡೆದು ಫ್ಯಾನ್ ಸದ್ದು ಬಂದ್ರೆ ಗಾಬರಿ ಬೇಡ. ರೇಡಿಯೇಟರ್ ತನ್ನ ಕೆಲಸ ಮಾಡ್ತಿದೆ.

ಇದನ್ನೆಲ್ಲ ಮೊದಲು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ, ಆಮೇಲೆ ಬೈಕ್ ಆಫೀಸಿಗೆ ತೆಗೀರಿ.