ಆಕಾಶಮಾರ್ಗದ ಇಂಗ್ಲಿಷು

ಇಂಗ್ಲಿಷು ಪುಸ್ತಕವನ್ನು ಸರಾಗವಾಗಿ ಓದಬಲ್ಲ ಅನೇಕರಿಗೆ, ಅದೇ ಭಾಷೆಯ ನಾಲ್ಕು ಮಾತನ್ನು ದೂರವಾಣಿಯಲ್ಲಿ ಕೇಳಿ ಉತ್ತರ ಹೇಳಬೇಕಾಗಿ ಬಂದಾಗ ತೊಡಕುಂಟಾಗುವುದು. ಇದರಲ್ಲಿ ಆಶ್ಚರ್ಯವಿಲ್ಲ. ಓದುವುದು ಕಣ್ಣಿನ ಕೆಲಸ. ತಿಳಿಯದ ಸಾಲನ್ನು ಮತ್ತೊಮ್ಮೆ ನೋಡಲು ಬಿಡುವುಂಟು. ಆಡುವುದಾದರೋ ಕಿವಿ, ನಾಲಗೆ, ಉಸಿರು ಈ ಮೂರೂ ಕೂಡಿ ಕ್ಷಣಮಾತ್ರದಲ್ಲಿ ನಡೆಸಬೇಕಾದ ಕೆಲಸ. ಕಚೇರಿಗಳಲ್ಲಿ ಈ ತೊಡಕಿನಿಂದ ಆಗುವ ನಷ್ಟವು ಬಹುಮಟ್ಟಿಗೆ ಸಂಕೋಚ, ವಿಳಂಬಗಳಷ್ಟೆ. ಆದರೆ ಅದೇ ತೊಡಕು ನೂರಾರು ಜನರ ಪ್ರಾಣಕ್ಕೆ ಎರವಾಗಬಹುದಾದ ಉದ್ಯೋಗವೊಂದುಂಟು. ವಿಮಾನವನ್ನು ನಡೆಸುವವರೂ, ನೆಲದಿಂದ ಅವರಿಗೆ ದಾರಿ ಹೇಳುವ ನಿಯಂತ್ರಣಾಧಿಕಾರಿಗಳೂ ಒಬ್ಬರ ಮುಖವನ್ನೊಬ್ಬರು ಕಾಣದೆ, ರೇಡಿಯೋದ ಕರಕರ ಸದ್ದಿನ ನಡುವೆ, ಮಾತನ್ನೇ ನಂಬಿ ಕೆಲಸ ಮಾಡಬೇಕು. ಬೆಂಗಳೂರಿನ ಗೋಪುರದಲ್ಲಿ ಕುಳಿತ ಕನ್ನಡಿಗನೂ ಫ್ರಾಂಕ್‌ಫರ್ಟಿನಿಂದ ಬಂದ ಜರ್ಮನ್ ಚಾಲಕನೂ ಆಡುವುದು ಇಂಗ್ಲಿಷನ್ನೇ. ಅದು ಇಬ್ಬರ ಮನೆಮಾತೂ ಅಲ್ಲ. ಉದ್ಯೋಗಕ್ಕಾಗಿ ಇಂಗ್ಲಿಷನ್ನು ಆಡಲು ಅಭ್ಯಾಸ ಮಾಡುವುದು ಹೇಗೆಂಬ ಪ್ರಶ್ನೆಯನ್ನು ಈ ಕ್ಷೇತ್ರದಷ್ಟು ಆಳವಾಗಿ ವಿಚಾರ ಮಾಡಿದ ಕ್ಷೇತ್ರಗಳು ವಿರಳ.

1996ನೆಯ ನವೆಂಬರ್ 12ರ ಸಂಜೆ ದೆಹಲಿಯಿಂದ ಹೊರಟ ಸೌದಿ ಅರೇಬಿಯದ ಬೋಯಿಂಗ್ ವಿಮಾನವೂ, ದೆಹಲಿಗೆ ಬರುತ್ತಿದ್ದ ಕಜಕ್‌ಸ್ತಾನದ ಇಲ್ಯೂಷಿನ್ ವಿಮಾನವೂ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಡಿಕ್ಕಿ ಹೊಡೆದು 349 ಮಂದಿ ಮಡಿದರು. ಮೇಲೇರುತ್ತಿದ್ದ ವಿಮಾನಕ್ಕೆ 14,000 ಅಡಿಯೂ, ಇಳಿಯುತ್ತಿದ್ದುದಕ್ಕೆ 15,000 ಅಡಿಯೂ ನಿಗದಿಯಾಗಿದ್ದವು. ಇಳಿಯುತ್ತಿದ್ದ ವಿಮಾನವು ತನ್ನ ಎತ್ತರದಲ್ಲಿ ನಿಲ್ಲದೆ ಕೆಳಗಿಳಿಯಿತು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಲಹೋಟಿಯವರ ಆಯೋಗವು ಕಾರಣಗಳನ್ನು ಪರಿಶೀಲಿಸುವಾಗ, ಕಜಕ್ ಸಿಬ್ಬಂದಿಗೆ ಇಂಗ್ಲಿಷು ಸಾಕಷ್ಟು ತಿಳಿಯದಿದ್ದುದನ್ನು ಎತ್ತಿ ಹೇಳಿತು. ಆ ವಿಮಾನದಲ್ಲಿ ನೆಲದೊಡನೆ ಮಾತನಾಡುತ್ತಿದ್ದವನು ಚಾಲಕನಲ್ಲ, ರೇಡಿಯೋ ನಿರ್ವಾಹಕ. ಎತ್ತರವನ್ನು ತೋರಿಸುವ ಉಪಕರಣ ಅವನ ಮುಂದೆ ಇರಲಿಲ್ಲ. ಚಾಲಕರ ಹೆಗಲ ಮೇಲಿಂದ ಇಣುಕಿ ನೋಡಬೇಕಾಗಿತ್ತು. ಮಾತನ್ನು ಕೇಳಿದವನ ಕೈಯಲ್ಲಿ ವಿಮಾನವಿಲ್ಲ, ವಿಮಾನ ಯಾರ ಕೈಯಲ್ಲಿತ್ತೋ ಅವರಿಗೆ ಮಾತು ನೇರವಾಗಿ ತಲಪುತ್ತಿರಲಿಲ್ಲ. ಭಾಷೆ ಬಲ್ಲವನೊಬ್ಬನನ್ನು ಮುಂದಿಟ್ಟುಕೊಂಡು ಉಳಿದವರು ಸುಮ್ಮನಿರುವ ಪದ್ಧತಿ ನಮ್ಮ ಕಾರ್ಖಾನೆಗಳಲ್ಲಿಯೂ ಇಲ್ಲದಿಲ್ಲ.

ಭಾಷೆ ಚೆನ್ನಾಗಿ ಬಂದವರೂ ತಪ್ಪುವುದುಂಟು. 1977ನೆಯ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದಲ್ಲಿ, ಮಂಜು ಕವಿದ ರನ್‌ವೇಯ ಮೇಲೆ ಎರಡು ಬೋಯಿಂಗ್ ವಿಮಾನಗಳು ತಾಗಿ 583 ಮಂದಿ ತೀರಿಕೊಂಡರು. ಡಚ್ ವಿಮಾನದಿಂದ ಬಂದ ಮಾತು, ‘ವಿ ಆರ್ ನೌ ಅಟ್ ಟೇಕಾಫ್’ ಎಂದು. ಹೊರಡಲು ಸಿದ್ಧರಾಗಿ ನಿಂತಿದ್ದೇವೆ ಎಂದು ಗೋಪುರದವರು ಅರ್ಥಮಾಡಿದರು. ಹೊರಟೇಬಿಟ್ಟಿದ್ದೇವೆ ಎಂಬುದು ಆಡಿದವರ ಅರ್ಥ. ಆಗುತ್ತಿರುವ ಕ್ರಿಯೆಯನ್ನು ಡಚ್ ಭಾಷೆಯಲ್ಲಿ ಇದೇ ಬಗೆಯ ರಚನೆಯಿಂದ ಹೇಳುವರಾದ್ದರಿಂದ, ಮನೆಮಾತಿನ ಅಚ್ಚಿನಲ್ಲಿ ಇಂಗ್ಲಿಷು ಪದಗಳನ್ನು ಎರಕ ಹೊಯ್ದಂತಾಯಿತೆಂದು ಭಾಷಾಶಾಸ್ತ್ರಜ್ಞರು ವಿವರಿಸಿದ್ದಾರೆ. ಗೋಪುರದವರು ಮೊದಲು ‘ಓಕೆ’ ಎಂದರು. ಅನಂತರ, ತಡೆಯಿರಿ, ನಾವೇ ಕರೆಯುತ್ತೇವೆ ಎಂದರು. ಅದೇ ಕ್ಷಣದಲ್ಲಿ ಅಮೆರಿಕದ ವಿಮಾನವೂ, ತಾನಿನ್ನೂ ರನ್‌ವೇಯ ಮೇಲಿರುವುದಾಗಿ ಹೇಳಿತು. ಇಬ್ಬರು ಒಂದೇ ರೇಡಿಯೋ ಮಾರ್ಗದಲ್ಲಿ ಒಟ್ಟಿಗೆ ಮಾತನಾಡಿದರೆ ಎರಡು ಅಲೆಗಳ ಕಂಪನಸಂಖ್ಯೆಯಲ್ಲಿರುವ ಅಲ್ಪ ವ್ಯತ್ಯಾಸವೇ ಒಂದು ಸಿಳ್ಳಾಗಿ ಕೇಳಿಸಿ ಮಾತನ್ನು ಅಳಿಸುವುದು. ಡಚ್ ಚಾಲಕರಿಗೆ ‘ಓಕೆ’ ಸ್ಪಷ್ಟವಾಗಿ ತಲಪಿತು. ಮುಂದಿನದು ಸಿಳ್ಳಿನಲ್ಲಿ ಮುಳುಗಿತು.

1990ನೆಯ ಜನವರಿ 25ರಂದು ನ್ಯೂಯಾರ್ಕಿನ ಬಳಿ ಇಂಧನ ಮುಗಿದು ಬಿದ್ದ ಕೊಲಂಬಿಯದ ವಿಮಾನದ ಕಥೆ ಇನ್ನೂ ಚಿಕ್ಕದು. ಹವೆ ಕೆಟ್ಟು ಆ ವಿಮಾನವು ಆಕಾಶದಲ್ಲಿ ಒಟ್ಟು 77 ನಿಮಿಷ ಸುತ್ತುತ್ತ ಕಾಯಬೇಕಾಯಿತು. ತುರ್ತೆಂದು ಹೇಳು ಎಂದು ಹಿರಿಯ ಚಾಲಕನು ಸ್ಪ್ಯಾನಿಷ್ ಭಾಷೆಯಲ್ಲಿ ಹೇಳಿದನು. ಸಹಚಾಲಕನು ‘ಪ್ರಯಾರಿಟಿ’ ಬೇಕೆಂದೂ, ಇಂಧನ ಮುಗಿಯುತ್ತಿದೆಯೆಂದೂ ಇಂಗ್ಲಿಷಿನಲ್ಲಿ ತಿಳಿಸಿದನೇ ಹೊರತು ‘ಎಮರ್ಜೆನ್ಸಿ’ ಎಂಬ ಪದವನ್ನು ಉಚ್ಚರಿಸಲಿಲ್ಲ. 73 ಮಂದಿ ಸತ್ತರು. ವಿನಯವು ಎಲ್ಲ ಕಡೆಯೂ ಗುಣವಲ್ಲ.

ಇಂತಹ ಅನುಭವಗಳ ಫಲವಾಗಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 2003ರಲ್ಲಿ ಮಾತಿನ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ನಿಯಮವನ್ನು ಅಂಗೀಕರಿಸಿತು. ಅದು 2008ರ ಮಾರ್ಚಿನಿಂದ ಅನ್ವಯಿಸಿತು, ಸಿದ್ಧವಾಗದ ದೇಶಗಳಿಗೆ 2011ರವರೆಗೆ ಅವಕಾಶ ದೊರೆಯಿತು. ಉಚ್ಚಾರ, ವಾಕ್ಯರಚನೆ, ಪದಸಂಪತ್ತು, ನಿರರ್ಗಳತೆ, ಗ್ರಹಿಕೆ, ಸಂವಾದ ಎಂಬ ಆರು ಅಂಗಗಳನ್ನೂ ಆರು ದರ್ಜೆಗಳಲ್ಲಿ ಅಳೆಯುತ್ತಾರೆ. ಕೆಲಸಕ್ಕೆ 4ನೆಯ ದರ್ಜೆ ಬೇಕು. ಒಂದು ಅಂಗದಲ್ಲಿ 3 ಬಂದು ಉಳಿದ ಐದರಲ್ಲಿ 6 ಬಂದರೂ ಒಟ್ಟು ದರ್ಜೆ 3 ಎಂದೇ ಎಣಿಕೆ. ಸರಾಸರಿಯಿಂದ ಪಾರಾಗುವ ಉಪಾಯ ಇಲ್ಲಿ ನಡೆಯದು.

ಈ ನಿಯಮದಲ್ಲಿ ವಾಚಕರು ಗಮನಿಸತಕ್ಕ ಸಂಗತಿಯೆಂದರೆ ಉಚ್ಚಾರದ ವಿಚಾರ. ಮನೆಮಾತಿನ ಛಾಯೆ ಇರಬಾರದೆಂದು ಅದು ಹೇಳುವುದಿಲ್ಲ; ಆ ಛಾಯೆ ಅರ್ಥವಾಗುವುದಕ್ಕೆ ಆಗಾಗ ಮಾತ್ರ ಅಡ್ಡಬಂದರೆ 4ನೆಯ ದರ್ಜೆಗೆ ಸಾಕು. ಲಂಡನ್ನಿನವರಂತೆ ಮಾತನಾಡಲು ಹವಣಿಸಿ ನಮ್ಮವರು ವ್ಯಯಿಸುವ ಶ್ರಮವು ಬಹುಮಟ್ಟಿಗೆ ವ್ಯರ್ಥವೆಂದೇ ನಮಗೆ ತೋರುತ್ತದೆ. ರೇಡಿಯೋ ಪದ್ಧತಿಯಂತೂ ‘ಥ್ರೀ’ ಎಂಬುದನ್ನು ‘ಟ್ರೀ’ ಎಂದೇ ಆಡತಕ್ಕದ್ದೆಂದು ವಿಧಿಸಿದೆ! ಬಹುಭಾಷೆಗಳ ನಾಲಗೆಗೆ ಆ ಇಂಗ್ಲಿಷು ಧ್ವನಿ ಒಗ್ಗದು. ‘ಫೈವ್’, ‘ನೈನ್’ ಎರಡರಲ್ಲಿಯೂ ಸ್ವರವೊಂದೇ ಆದುದರಿಂದ ಮೊದಲನೆಯದನ್ನು ‘ಫೈಫ್’ ಎಂದೂ, ಎರಡನೆಯದನ್ನು ‘ನೈನರ್’ ಎಂದೂ ಮಾಡಿದ್ದಾರೆ. ಇದಕ್ಕೆ ಭೌತವಿಜ್ಞಾನದ ಆಧಾರವುಂಟು. ಹಳೆಯ ಬಗೆಯ ದೂರವಾಣಿಯು ಸೆಕೆಂಡಿಗೆ ಸುಮಾರು 300ರಿಂದ 3,400 ಕಂಪನಗಳವರೆಗಿನ ಧ್ವನಿಯನ್ನು ಮಾತ್ರ ಒಯ್ಯುತ್ತದೆ. ವಿಮಾನದ ರೇಡಿಯೋ ಸಹ ಅಂತಹುದೇ ಕಿರಿದಾದ ಮಾರ್ಗ. ಸ್ವರಗಳ ಮುಖ್ಯಾಂಶ ಈ ಮಿತಿಯೊಳಗೆ ಅಡಗುವುದು. ಆದರೆ ‘ಸ’, ‘ಫ’ ಮುಂತಾದ ಉಸಿರಿನ ವ್ಯಂಜನಗಳ ಶಕ್ತಿ ಬಹುಪಾಲು ಅದರ ಮೇಲಿದ್ದು ಕತ್ತರಿಸಿಹೋಗುತ್ತದೆ. ಎದುರುಬದುರು ಕುಳಿತಾಗ ಸ್ಪಷ್ಟವಾದ ಮಾತು ತಂತಿಯಲ್ಲಿ ಮಸುಕಾಗುವುದು ಇದರಿಂದಲೇ.

ಇನ್ನು ಕನ್ನಡಿಗರ ವಿಷಯ. ನಮ್ಮ ಭಾಷೆಯಲ್ಲಿ ಪದಗಳು ಸ್ವರದಲ್ಲಿ ಮುಗಿಯುವುದು ರೂಢಿ. ಬಸ್ಸು, ಕಾರು, ರೋಡು ಎಂದು ಇಂಗ್ಲಿಷು ಪದಗಳಿಗೂ ಬಾಲ ಸೇರಿಸುತ್ತೇವೆ. ಅಕ್ಷರಗಳಿಗೆಲ್ಲ ಹೆಚ್ಚುಕಡಿಮೆ ಸಮನಾದ ಒತ್ತು ಕೊಡುತ್ತೇವೆ. ಇಂಗ್ಲಿಷಿನಲ್ಲಿಯಾದರೋ ‘ಫಿಫ್ಟೀನ್’ಗೂ ‘ಫಿಫ್ಟಿ’ಗೂ ಇರುವ ಭೇದವನ್ನು ಬಹುಪಾಲು ಹೊರುವುದು ಒತ್ತು. ಇದಕ್ಕೆ ವಿಮಾನದವರ ಪರಿಹಾರ ಬಹಳ ಸರಳ: ಅಂಕೆಗಳನ್ನು ಬಿಡಿಬಿಡಿಯಾಗಿ ‘ಒನ್ ಫೈಫ್’, ‘ಫೈಫ್ ಜೀರೊ’ ಎಂದೇ ಹೇಳುವುದು. ದೂರವಾಣಿಯಲ್ಲಿ ಬೆಲೆ, ತಾರೀಕು, ಔಷಧದ ಪ್ರಮಾಣ ಹೇಳುವವರೆಲ್ಲರೂ ಇದನ್ನು ಇಂದೇ ಎರವಲು ಪಡೆಯಬಹುದು.

ಇನ್ನೂ ಸೂಕ್ಷ್ಮವಾದದ್ದು ‘ಹೂಂ’. ಎದುರಿನವರು ಮಾತನಾಡುತ್ತಿರುವಾಗ ನಾವು ಹೂಂಗುಟ್ಟುವುದು ಕೇಳುತ್ತಿದ್ದೇನೆ ಎಂಬುದಕ್ಕೆ. ಒಪ್ಪಿದೆನೆಂದಲ್ಲ, ತಿಳಿಯಿತೆಂದೂ ಅಲ್ಲ. ಅದನ್ನೇ ‘ಎಸ್, ಎಸ್’ ಎಂದು ಇಂಗ್ಲಿಷಿಗೆ ತಂದರೆ ಪರದೇಶದವನು ಕೆಲಸ ಆಗುವುದೆಂದು ನಂಬಿ ಕೂರುತ್ತಾನೆ. ‘ಅವರು ಬಂದಿಲ್ಲವೇ?’ ಎಂದರೆ ‘ಹೌದು, ಬಂದಿಲ್ಲ’ ಎನ್ನುವುದು ನಮಗೆ ಸಹಜ. ಇಂಗ್ಲಿಷಿನಲ್ಲಿ ಅಲ್ಲಿ ‘ನೋ’ ಬರಬೇಕು. ರೇಡಿಯೋ ಭಾಷೆ ಈ ಗೊಂದಲವನ್ನು ಬೇರೆಬೇರೆ ಪದಗಳಿಂದ ಬಿಡಿಸಿದೆ. ‘ರಾಜರ್’ ಎಂದರೆ ನಿಮ್ಮ ಮಾತು ಪೂರ್ತಿ ತಲಪಿತು, ಅಷ್ಟೆ. ‘ವಿಲ್ಕೊ’ ಎಂದರೆ ಹಾಗೆಯೇ ಮಾಡುತ್ತೇನೆ. ಮುಖ್ಯ ಆದೇಶಗಳಿಗೆ ಇವೆರಡೂ ಸಾಲವು. ಕೇಳಿದ್ದನ್ನು ಅಂಕೆಸಹಿತ ತಿರುಗಿ ಹೇಳಬೇಕು. ಹೇಳಿದವನು ಅದನ್ನು ಕಿವಿಗೊಟ್ಟು ಕೇಳಿ ತಪ್ಪಿದ್ದರೆ ತಿದ್ದಬೇಕು. ಟೆನೆರೀಫಿನ ಬಳಿಕ ಬಂದ ಕಟ್ಟುಪಾಡೊಂದು ಇನ್ನೂ ಕಠಿಣ: ನಿಜವಾಗಿ ನೆಲ ಬಿಡಲು ಅಪ್ಪಣೆ ಕೊಡುವಾಗ, ಅಥವಾ ಅದನ್ನು ರದ್ದುಮಾಡುವಾಗ ಹೊರತು ‘ಟೇಕಾಫ್’ ಎಂಬ ಪದವನ್ನು ಬಾಯಿಗೆ ತರಕೂಡದು. ಉಳಿದೆಡೆ ‘ಡಿಪಾರ್ಚರ್’ ಎನ್ನಬೇಕು.

ಹಾಗಾದರೆ ಸೂತ್ರಗಳನ್ನು ಬಾಯಿಪಾಠ ಮಾಡಿದರೆ ಸಾಲದೆ? ಸಾಲದು. ಸೂತ್ರವಿಲ್ಲದ ಸಂದರ್ಭ ಬಂದಾಗಲೇ ಭಾಷೆಯ ಪರೀಕ್ಷೆ. ಪ್ರಯಾಣಿಕನಿಗೆ ಎದೆನೋವು ಬಂದೀತು, ಮುಂದಿನ ಗಾಜು ಬಿರಿದೀತು, ರನ್‌ವೇಗೆ ದನ ನುಗ್ಗೀತು. ಪದ ನೆನಪಾಗದಿದ್ದರೆ ಬಳಸು ಮಾತಿನಿಂದಾದರೂ ಹೇಳಬಲ್ಲವನಾಗಿರಬೇಕೆಂದು 4ನೆಯ ದರ್ಜೆಯ ವಿವರಣೆಯಲ್ಲಿಯೇ ಇದೆ. ಇದನ್ನು ಮನೆಯಲ್ಲಿ ಕುಳಿತೂ ಅಭ್ಯಾಸ ಮಾಡಬಹುದು. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕುಳಿತುಕೊಳ್ಳಲಿ. ಮುಖ ಕಾಣಕೂಡದು, ಕೈಸನ್ನೆ ಸಲ್ಲದು. ಒಬ್ಬನು ರೈಲು ವೇಳಾಪಟ್ಟಿಯಿಂದ ಹೆಸರು, ಹೊತ್ತು, ಅಂಕೆಗಳನ್ನು ಇಂಗ್ಲಿಷಿನಲ್ಲಿ ಹೇಳಲಿ. ಮತ್ತೊಬ್ಬನು ತಿರುಗಿ ಹೇಳಲಿ. ಕೆಲವು ದಿನಗಳಾದ ಮೇಲೆ ಪಕ್ಕದಲ್ಲಿ ರೇಡಿಯೋ ಹಾಕಿ, ಗದ್ದಲದ ನಡುವೆ ಅದನ್ನೇ ಮಾಡಲಿ. ಅನಂತರ ಅಡಿಗೆಮನೆಯ ಒಂದು ವಸ್ತುವನ್ನು ಅದರ ಇಂಗ್ಲಿಷು ಹೆಸರನ್ನು ಬಳಸದೆ ವರ್ಣಿಸಿ ಗುರುತು ಹಿಡಿಸಲಿ. ಒರಳುಕಲ್ಲು ಹೇಗಿದೆಯೆಂದು ನೋಡದವನಿಗೆ ತಿಳಿಯುವಂತೆ ಹೇಳಬಲ್ಲವನು ಕೆಟ್ಟ ಯಂತ್ರವನ್ನೂ ಹಾಗೆಯೇ ವಿವರಿಸಬಲ್ಲನು. ವೇಗದ ವಿಚಾರದಲ್ಲಿ ನಿಯಮವೇ ಇದೆ: ರೇಡಿಯೋದಲ್ಲಿ ನಿಮಿಷಕ್ಕೆ 100 ಪದಗಳನ್ನು ಮೀರಕೂಡದು. ಸರಸರನೆ ಆಡುವುದೇ ಪಾಂಡಿತ್ಯವೆಂದು ತಿಳಿದವರಿಗೆ ಇದು ಸಪ್ಪೆಯೆನಿಸೀತು.

4ನೆಯ ದರ್ಜೆಯವರು 3 ವರ್ಷಕ್ಕೊಮ್ಮೆಯೂ, 5ನೆಯ ದರ್ಜೆಯವರು 6 ವರ್ಷಕ್ಕೊಮ್ಮೆಯೂ ಮತ್ತೆ ಪರೀಕ್ಷೆಗೆ ಕೂರಬೇಕೆಂಬುದು ಸಂಸ್ಥೆಯ ಶಿಫಾರಸು. ಬಳಸದ ಮಾತು ನಾಲಗೆಯಿಂದ ಜಾರುತ್ತದೆ. 6ನೆಯ ದರ್ಜೆಯವರಿಗೆ ಮರುಪರೀಕ್ಷೆಯಿಲ್ಲ. ಇಂಗ್ಲಿಷು ಮನೆಮಾತಾಗಿ ಉಳ್ಳವರು ಸಾಮಾನ್ಯವಾಗಿ ಈ ಗುಂಪಿಗೆ ಸೇರುವರು. ತಮ್ಮ ನಾಡಿನ ನುಡಿಗಟ್ಟುಗಳನ್ನು ಬಿಟ್ಟು, ವೇಗವನ್ನು ತಗ್ಗಿಸಿ, ಕೇಳುವವನಿಗೆ ತಿಳಿಯುವಂತೆ ಆಡುವ ಅಭ್ಯಾಸ ಅವರಿಗೂ ಬೇಕಾಗಿದೆ.